ಗೃಹ ವೀಡಿಯೊ ಟೇಪುಗಳ ಡಿಜಿಟಲೀಕರಣ

ವಿವಾಹ, ಉಪನಯನ, ನಾಮಕರಣ, ಪ್ರವಾಸ ಮೊದಲಾದ ಸಂದರ್ಭಗಳಲ್ಲಿ ಮನೆಯವರು ಕಾಂತೀಯ ಟೇಪಿನ ಮೇಲೆ ಮುದ್ರಿಸಿಕೊಂಡ ಚಿತ್ರಗಳನ್ನು ಗಣಕಯಂತ್ರದ ಮೂಲಕ ಅಂಕರೂಪಕ್ಕೆ ತಂದು ಸಿ.ಡಿ., ಡಿ.ವಿ.ಡಿ. ಮುಂತಾದ ಡಿಸ್ಕುಗಳಿಗೆ ಇಳಿಸುವ ಕಾರ್ಯ. ಇದರ ಇತಿಹಾಸವನ್ನು ಹೇಳುವ ಬರಹಗಳಲ್ಲಿ ಎರಡು ಗೊಂದಲಗಳು ನೆಲೆಯೂರಿವೆ: ಇದು ಯಾವಾಗ ಆರಂಭವಾಯಿತೆಂಬುದು ಒಂದು, ಡಿಸ್ಕಿಗೆ ಇಳಿದ ಪ್ರತಿಯು ಮೂಲಕ್ಕೆ ಸಮಾನವೆಂದೂ ಅದಕ್ಕಿಂತ ಚಿರಾಯುವೆಂದೂ ಭಾವಿಸಿದುದು ಇನ್ನೊಂದು. ಮೊದಲನೆಯದು ಕಾಲನಿರ್ಣಯಕ್ಕೆ ಮಾತ್ರ ಸಂಬಂಧಿಸಿದುದು. ಎರಡನೆಯದರ ದೆಸೆಯಿಂದ ಅನೇಕ ಮನೆಗಳ ಮೂಲ ಟೇಪುಗಳು ಗುಜರಿಯ ಪಾಲಾದುವು.

ಟೇಪಿನ ಪೂರ್ವಕಥೆ ಸುವಿದಿತವಾದುದು. 1956ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆಯು ಪ್ರಸಾರಕೇಂದ್ರಗಳಿಗಾಗಿ ಹೊರತಂದ ಯಂತ್ರದಿಂದ ಮೊದಲ್ಗೊಂಡು, 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆ.ವಿ.ಸಿ.ಯ ವಿ.ಎಚ್.ಎಸ್., 1985ರಲ್ಲಿ ಚಿಕ್ಕ ಕ್ಯಾಸೆಟ್ಟಿನ ವೀಡಿಯೊ8 ಎಂಬ ಕ್ರಮದಲ್ಲಿ ಈ ವಿದ್ಯೆ ಮನೆಯೊಳಕ್ಕೆ ಬಂದಿತು. ಭಾರತದಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ವರ್ಷ ವರ್ಣ ದೂರದರ್ಶನ ಮೊದಲಾದ ತರುವಾಯ ಕ್ಯಾಸೆಟ್ಟನ್ನು ಓಡಿಸುವ ವಿ.ಸಿ.ಆರ್. ಯಂತ್ರ ಹಬ್ಬಿತು; ಕರ್ನಾಟಕದ ಕಲ್ಯಾಣಮಂಟಪಗಳಲ್ಲಿ ಛಾಯಾಗ್ರಾಹಕನ ಪಕ್ಕದಲ್ಲಿ ವೀಡಿಯೊದವನೂ ನಿಲ್ಲುವುದು ರೂಢಿಯಾಯಿತು.

ಡಿಜಿಟಲೀಕರಣದ ಆರಂಭವನ್ನು ಹಲವರು ಜನವರಿ 2001ಕ್ಕೆ ನಿಗದಿಮಾಡುತ್ತಾರೆ; ಪಯೋನಿಯರ್ ಸಂಸ್ಥೆಯ ಡಿ.ವಿ.ಡಿ. ಬರೆಯುವ ಸಾಧನವನ್ನು ಒಳಗೊಂಡ ಪವರ್ ಮ್ಯಾಕ್ ಜಿ4 ಗಣಕವನ್ನು ಆಪಲ್ ಸಂಸ್ಥೆ ಪ್ರಕಟಿಸಿದ್ದು ಆಗಲೇ. 1997ರಲ್ಲಿ ಪಯೋನಿಯರ್ ಮಾರಿದ ಇಂಥದೇ ಸಾಧನದ ಬೆಲೆ ಸುಮಾರು 17,000 ಡಾಲರ್ ಆಗಿದ್ದಿತೆಂಬುದನ್ನು ನೆನೆದರೆ, ಈ ತಿಂಗಳನ್ನು ಸಂಧಿಕಾಲವೆಂದು ಕರೆದುದರಲ್ಲಿ ಅನ್ಯಾಯವಿಲ್ಲ. ಆದರೆ ಅದು ಅಮೆರಿಕದ ದೃಷ್ಟಿಯಿಂದ ಬರೆದ ಇತಿಹಾಸ. ಏಷ್ಯಾ ಖಂಡದಲ್ಲಿ 1993ರಲ್ಲಿ ನಿಗದಿಯಾದ ವೀಡಿಯೊ ಸಿ.ಡಿ.ಯ ಮಾನಕವು ಅದಕ್ಕೆ ಮೊದಲೇ ಜನಪ್ರಿಯವಾಗಿದ್ದು, ಸಿ.ಡಿ. ಬರೆಯುವ ಸಾಧನಗಳು ಅಗ್ಗವಾದೊಡನೆ ಕ್ಯಾಸೆಟ್ಟಿನ ಮದುವೆಗಳು ವಿ.ಸಿ.ಡಿ.ಗೆ ಇಳಿಯತೊಡಗಿದುವು. ಒಂದು ಸಿ.ಡಿ.ಗೆ ಹಿಡಿಯುತ್ತಿದ್ದುದು 74 ನಿಮಿಷ; ಮೂರು ಗಂಟೆಯ ಕ್ಯಾಸೆಟ್ಟು ಮೂರು ಡಿಸ್ಕಾಗಿ ಒಡೆಯುತ್ತಿದ್ದಿತು. ಜಪಾನಿನಲ್ಲಿ 1999ರಿಂದ ದೊರೆತ, ಗಣಕದ ಹಂಗಿಲ್ಲದ ಡಿ.ವಿ.ಡಿ. ರೆಕಾರ್ಡರುಗಳನ್ನು ಈ ಇತಿಹಾಸದೊಡನೆ ಬೆರೆಸಿ ಹೇಳುವುದೂ ಉಂಟು. ಅವು ಬೇರೆಯೇ ಕವಲು.

ಎರಡನೆಯ ಗೊಂದಲವನ್ನು ಬಿಡಿಸಲು ಕೆಲವು ಅಂಕಿಗಳು ಅವಶ್ಯ. ಭಾರತದ ಪಾಲ್ ಪದ್ಧತಿಯ ಚಿತ್ರದಲ್ಲಿ 625 ರೇಖೆಗಳಿದ್ದು, ಅವುಗಳಲ್ಲಿ ಕಾಣಿಸುವವು 576. ಸೆಕೆಂಡಿಗೆ 25 ಚೌಕಟ್ಟುಗಳು, ಪ್ರತಿ ಚೌಕಟ್ಟೂ ಭಿನ್ನ ಕ್ಷಣಗಳಲ್ಲಿ ಹಿಡಿದ ಎರಡು ಅರ್ಧಚಿತ್ರಗಳ ಸಂಯೋಗ. ಇದನ್ನು ಪ್ರಸಾರ ಮಾನಕಕ್ಕೆ ಅನುಸಾರವಾಗಿ, ಸಂಕೋಚಿಸದೆ ಗಣಕಕ್ಕೆ ತುಂಬಿದರೆ ಗಂಟೆಗೆ ಸುಮಾರು 75 ಗಿಗಾಬೈಟ್ ಬೇಕಾಗುತ್ತದೆ. 1995ರಲ್ಲಿ ಬಂದ ಡಿ.ವಿ. ಪದ್ಧತಿಯಲ್ಲಿ ಸುಮಾರು 13 ಸಾಕು, 4.7 ಗಿಗಾಬೈಟಿನ ಡಿ.ವಿ.ಡಿ.ಯಲ್ಲಾದರೋ ಸುಮಾರು ಎರಡು ಗಂಟೆಯ ಚಿತ್ರವನ್ನು ಅಡಕಮಾಡುತ್ತಿದ್ದರು. ವಿ.ಸಿ.ಡಿ.ಯಲ್ಲಿ ಉಳಿಯುತ್ತಿದ್ದುದು 288 ರೇಖೆಗಳು ಮಾತ್ರ, ಎಂದರೆ ರೇಖೆಗಳಲ್ಲಿ ಅರ್ಧ, ಚಲನೆಯ ಕ್ಷಣಗಳಲ್ಲಿಯೂ ಅರ್ಧ. ಹೀಗೆ ಡಿಸ್ಕಿಗೆ ಇಳಿದುದು ಮೂಲದ ಸಾರಾಂಶವೇ ಹೊರತು ಮೂಲವಲ್ಲ.

ಟೇಪಿನಿಂದ ಗಣಕಕ್ಕೆ ಸಂಕೇತವನ್ನು ದಾಟಿಸುವ ಹಾದಿಯೂ ಸುಗಮವಾಗಿರಲಿಲ್ಲ. ಸೆಕೆಂಡಿಗೆ 25 ಬಾರಿ ತಿರುಗುವ ಉರುಳೆಯ ಹೆಡ್ಡುಗಳು ಓದುವ ಟೇಪು ಹಿಗ್ಗಿ, ಸುಕ್ಕಿ, ಸವೆದಿರುವುದರಿಂದ ಒಂದು ರೇಖೆಯ ಅವಧಿ ಇನ್ನೊಂದರದಕ್ಕೆ ಸರಿಹೋಗುತ್ತಿರಲಿಲ್ಲ. ಹಳೆಯ ಟೆಲಿವಿಷನ್ ಈ ದೋಷವನ್ನು ಸಹಿಸಿಕೊಂಡರೂ, ಸಂಕೇತವನ್ನು ಗಣಕಕ್ಕೆ ತುಂಬುವ, ನಿಯತ ಗಡಿಯಾರಕ್ಕೆ ಅಧೀನವಾದ ಕ್ಯಾಪ್ಚರ್ ಕಾರ್ಡು ಸಹಿಸದೆ ಚೌಕಟ್ಟುಗಳನ್ನೇ ಬಿಟ್ಟುಬಿಡುತ್ತಿದ್ದಿತು. ಮಾತು ತುಟಿಗೆ ಹೊಂದದೆ ಹೋಗುತ್ತಿದ್ದುದಕ್ಕೆ ಒಂದು ಮುಖ್ಯ ಕಾರಣ ಇದೇ. ಚಲನಚಿತ್ರ ಕ್ಯಾಸೆಟ್ಟುಗಳ ನಕಲನ್ನು ತಡೆಯಲು 1980ರ ದಶಕದಲ್ಲಿ ಬಂದ ಮ್ಯಾಕ್ರೊವಿಷನ್ ಸಂಕೇತವನ್ನು ಗುರುತಿಸುವ ಕಾರ್ಡುಗಳು, ಸವೆದ ಟೇಪಿನ ಗದ್ದಲವನ್ನೇ ಆ ಸಂಕೇತವೆಂದು ಭ್ರಮಿಸಿ, ಮನೆಯವರ ಸ್ವಂತ ಚಿತ್ರವನ್ನು ಮುದ್ರಿಸಲು ನಿರಾಕರಿಸಿದುದೂ ಉಂಟು. ರೇಖೆಗಳ ಕಾಲವನ್ನು ತಿದ್ದುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಇದಕ್ಕೆ ಪರಿಹಾರವಾಗಿದ್ದರೂ, ಅದು ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವಂತಿರಲಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಮಾತ್ರ ಗಣಕವು ಒಂದು ತೊಡಕನ್ನು ತಾನಾಗಿಯೇ ಕಳೆಯಿತು: ಊರಿನಿಂದ ಬಂದ ಪಾಲ್ ಕ್ಯಾಸೆಟ್ಟು ಅಲ್ಲಿನ ಎನ್.ಟಿ.ಎಸ್.ಸಿ. ಪದ್ಧತಿಯ ಯಂತ್ರದಲ್ಲಿ ಓಡುತ್ತಿರಲಿಲ್ಲ, ಡಿಸ್ಕಿಗಿಳಿದ ಅದೇ ಮದುವೆಯನ್ನು ಗಣಕದ ತೆರೆಯ ಮೇಲೆ ನಿರಾತಂಕವಾಗಿ ನೋಡಬಹುದಾಗಿದ್ದಿತು.

ಆಯುಷ್ಯದ ವಿಚಾರದಲ್ಲಿ ಆಕರಗಳು ಪರಸ್ಪರ ವಿರುದ್ಧವಾಗಿ ನುಡಿಯುತ್ತವೆ. 1995ರಲ್ಲಿ ಜಾನ್ ವ್ಯಾನ್ ಬೊಗಾರ್ಟ್ ಪ್ರಕಟಿಸಿದ ಕೈಪಿಡಿಯು ಟೇಪಿಗೆ ಹೇಳಿದ 10ರಿಂದ 30 ವರ್ಷವೆಂಬ ಅಂದಾಜು ತರುವಾಯದ ಜಾಹೀರಾತುಗಳಲ್ಲಿ ಮರಣಶಾಸನದಂತೆ ಪುನರುಕ್ತವಾಯಿತು. ಆದರೆ ಆ ಗಡುವನ್ನು ದಾಟಿದ ಕ್ಯಾಸೆಟ್ಟುಗಳು ಇಂದಿಗೂ ಓಡುತ್ತಿರುವುದು ಪ್ರತ್ಯಕ್ಷ. ಬರೆಯುವ ಡಿಸ್ಕುಗಳಿಗೆ ತಯಾರಕರು 100 ವರ್ಷಕ್ಕೂ ಮಿಗಿಲಾದ ಆಯುಷ್ಯವನ್ನು ಹೇಳಿಕೊಂಡಿದ್ದರು. ಅವುಗಳಲ್ಲಿ ಮಾಹಿತಿಯನ್ನು ಹೊರುವುದು ಬೆಳಕಿಗೂ ಶಾಖಕ್ಕೂ ಕೆಡುವ ಸಾವಯವ ವರ್ಣದ್ರವ್ಯದ ತೆಳು ಲೇಪ. ಟೇಪಿಗೆ ಸಮೀಪದ ಅಪಾಯವಿರುವುದು, ಬೂಷ್ಟು ಹಿಡಿಯದಂತೆ ಕಾಪಾಡಿದಲ್ಲಿ, ಟೇಪಿನಿಂದಲ್ಲ, ಯಂತ್ರದ ಅಭಾವದಿಂದ. ಜಪಾನಿನ ಫುನಾಯಿ ಸಂಸ್ಥೆಯು ಜುಲೈ 2016ರಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು, 2019ರಲ್ಲಿ ಯುನೆಸ್ಕೊ ಮತ್ತು ಧ್ವನಿ ಹಾಗೂ ದೃಶ್ಯ ಭಂಡಾರಗಳ ಅಂತರರಾಷ್ಟ್ರೀಯ ಸಂಘ ಇವೆರಡೂ ಕೂಡಿ ಹೊರಡಿಸಿದ ಎಚ್ಚರಿಕೆಯ ತಿರುಳೂ ಇದೇ.

ತೀರ ಈಚಿನ ಘಟ್ಟವು ಡಿಸ್ಕಿನ ಯುಗಕ್ಕಿಂತ ಹೆಚ್ಚು ಗಮನಾರ್ಹವಾದುದು. ಲೇಸರ್‌ಡಿಸ್ಕುಗಳನ್ನು ಓದಲು ರಚಿತವಾಗಿದ್ದ ಎಲ್‌ಡಿ-ಡಿಕೋಡ್ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿ ವಿ.ಎಚ್.ಎಸ್.-ಡಿಕೋಡ್ ಎಂಬ ತಂತ್ರಾಂಶ ಬೆಳೆಯಿತು. ಇದರಲ್ಲಿ ವಿ.ಸಿ.ಆರ್. ಚಿತ್ರವನ್ನು ರಚಿಸುವ ಮೊದಲೇ, ಹೆಡ್ಡುಗಳಿಂದ ಬಂದ ಕಚ್ಚಾ ರೇಡಿಯೊ ಆವರ್ತನದ ಸಂಕೇತವನ್ನು ನೇರವಾಗಿ ಗಣಕಕ್ಕೆ ತುಂಬಿಕೊಂಡು, ಚಿತ್ರವನ್ನು ಬಿಡಿಸುವ ಮತ್ತು ರೇಖೆಗಳ ಕಾಲವನ್ನು ತಿದ್ದುವ ಕಾರ್ಯಗಳನ್ನು ಲೆಕ್ಕಾಚಾರದಿಂದಲೇ ನಡೆಸುತ್ತಾರೆ. ಒಮ್ಮೆ ಸೆರೆಹಿಡಿದ ಸಂಕೇತವನ್ನು ತಂತ್ರಾಂಶ ಸುಧಾರಿಸಿದಂತೆಲ್ಲ ಮತ್ತೆ ಬಿಡಿಸಿ ಇನ್ನಷ್ಟು ಸ್ಫುಟವಾದ ಚಿತ್ರವನ್ನು ಪಡೆಯಬಹುದು. ಫಲಿತಾಂಶವನ್ನು ನಷ್ಟವಿಲ್ಲದೆ ಕಾದಿಡಲು ಎಫ್‌ಎಫ್‌ವಿ1 ಎಂಬ ಸಂಕೋಚನಕ್ರಮವಿದ್ದು, ಅದರ ವಿವರಣೆಯು 2021ರಲ್ಲಿ ಅಂತರಜಾಲದ ಮಾನಕಸಂಸ್ಥೆಯಿಂದ ಪ್ರಕಟವಾಗಿದೆ. 2000ದ ದಶಕದಲ್ಲಿ ಡಿಸ್ಕಿಗೆ ಇಳಿಸಿದ ಮೇಲೂ ಕ್ಯಾಸೆಟ್ಟನ್ನು ಎಸೆಯದೆ ಇಟ್ಟುಕೊಂಡ ಮನೆಯವರಿಗೆ ಮಾತ್ರ ಈ ಸೌಲಭ್ಯ ಲಭ್ಯ. ಆದಕಾರಣ ಡಿಸ್ಕು ಕೈಯಲ್ಲಿರುವವರು ಮೂಲ ಟೇಪನ್ನು ಬಿಸಿಲು ತೇವಗಳಿಲ್ಲದ ಕಡೆ, ನಿಲುವಾಗಿ ಇರಿಸಿ ಕಾಪಾಡಿಕೊಳ್ಳಬೇಕು.