ಗುಜರಿಯ ಕ್ಯಾಮೆರಾ ಮತ್ತು ಭಾವು ದಾಜಿ ರಸ್ತೆ

ಡೊಂಬಿವಲಿ, ಕಲ್ಯಾಣ್ ಮತ್ತು ಐರೋಳಿಯಲ್ಲಿ ನೆಲೆಸಿರುವ ನಾವು ಮೂವರು ಸ್ನೇಹಿತರಿಗೆ ಒಂದೇ ರೋಗ. ರಜೆಯ ದಿನ ಬಂದರೆ ಹಳೆಯ ಸಾಮಾನಿನ ಅಂಗಡಿಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಧೂಳು ಕೆದಕುತ್ತೇವೆ. ನಮಗೆ ಬೇಕಾದದ್ದು ಎರಡೇ ವಸ್ತು: ಹಳೆಯ ಪುಸ್ತಕ, ಹಳೆಯ ಕ್ಯಾಮೆರಾ. ಮನೆಯವರ ದೃಷ್ಟಿಯಲ್ಲಿ ಇವೆರಡೂ ಗುಜರಿಯೇ. ಆ ಮಾತನ್ನು ನಾವು ಅಲ್ಲಗಳೆಯಲು ಹೋಗುವುದಿಲ್ಲ. ಆದರೆ ಈ ಗುಜರಿಯ ಹಿಂದೆ ಮುಂಬಯಿಯ ನೂರ ಎಪ್ಪತ್ತು ವರ್ಷಗಳ ಇತಿಹಾಸವಿದೆ, ಅದರಲ್ಲಿ ಕನ್ನಡ ನಾಡಿನ ಪಾಲೂ ಇದೆ ಎಂಬುದು ನಮಗೆ ತಿಳಿದದ್ದು ಈ ಧೂಳಿನಿಂದಲೇ. ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನಮ್ಮ ಮೊದಲ ಗಳಿಕೆ ಒಂದು ಆಗ್ಫಾ ಕ್ಲಿಕ್-3. ಜರ್ಮನಿಯ ಹೆಸರು ಹೊತ್ತ ಈ ಪೆಟ್ಟಿಗೆಯನ್ನು ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿತ್ತು. ನಮ್ಮ ಪ್ರಾಯದವರ ಬಾಲ್ಯದ ಕಪ್ಪು-ಬಿಳುಪು ಚಿತ್ರಗಳಲ್ಲಿ ಎಷ್ಟೋ ಇದರ ಕಣ್ಣಿನಿಂದ ಬಂದವು. ಬ್ಯಾಟರಿ ಇಲ್ಲ, ದೂರ ಅಳೆಯುವ ಗೋಜಿಲ್ಲ. ಬಿಸಿಲಿದ್ದರೆ ಸೂರ್ಯನ ಗುರುತು, ಇಲ್ಲದಿದ್ದರೆ ಮೋಡದ ಗುರುತು. 120ರ ಒಂದು ಸುರುಳಿಯಲ್ಲಿ ಹನ್ನೆರಡು ಚೌಕ ಚಿತ್ರಗಳು. ಹಿಂಬದಿಯ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕೆ ಕಾಣುವವರೆಗೆ ತಿರುಪು ತಿರುವಬೇಕು. ಹನ್ನೆರಡೇ ಇದ್ದುದರಿಂದ ಮನೆಯ ಯಜಮಾನರು ಮದುವೆಗೆ ಆರು, ನಾಮಕರಣಕ್ಕೆ ಮೂರು ಎಂದು ಲೆಕ್ಕ ಹಾಕುತ್ತಿದ್ದರು. ಅದರೊಳಗೆ ಹಾಕುವ ಫಿಲ್ಮು ಕೂಡ ಕ್ರಮೇಣ ದೇಶದಲ್ಲೇ ಸಿದ್ಧವಾಗತೊಡಗಿತು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಉದ್ದಿಮೆಯ 'ಇಂದು' ಫಿಲ್ಮನ್ನು ಬಳಸಿದವರು ನಮ್ಮ ಓದುಗರಲ್ಲೂ ಇರಬಹುದು.

ನಾವು ಕೊಂಡ ಕ್ಲಿಕ್-3ರೊಳಗೆ ಯಾರೋ ತೆಗೆದು ಮರೆತ ಸುರುಳಿಯೊಂದು ಇತ್ತು. ಅಂಗಡಿಯಾತ ಅದನ್ನು ಕಂಡು ಹಿಗ್ಗಿ, "ಸಾಬ್, ಫಿಲ್ಮ್ ಭೀ ಹೈ" ಎಂದು ಮುಚ್ಚಳವನ್ನು ಪೂರ್ತಿ ತೆರೆದು ಬಿಸಿಲಿಗೆ ಹಿಡಿದು ತೋರಿಸಿದ. ನಾವು ಕೂಗಿಕೊಳ್ಳುವಷ್ಟರಲ್ಲಿ ಬೆಳಕು ತನ್ನ ಕೆಲಸ ಮುಗಿಸಿತ್ತು. ಆದರೂ ತೊಳೆಸಿ ನೋಡಿದೆವು. ಒಳಸುತ್ತಿನ ಎರಡು ಚೌಕಗಳಲ್ಲಿ ಮಾತ್ರ ಏನೋ ಉಳಿದಿತ್ತು. ಅದು ತುಳಸಿಕಟ್ಟೆ ಎಂದು ಒಬ್ಬರು, ನೀರಿನ ಟಾಂಕಿ ಎಂದು ಇನ್ನೊಬ್ಬರು. ಆ ವಾದ ಇನ್ನೂ ಇತ್ಯರ್ಥವಾಗಿಲ್ಲ.

ಯೂರೋಪಿನಲ್ಲಿ ಡಗೇರ್ ತನ್ನ ಶೋಧವನ್ನು ಪ್ರಕಟಿಸಿದ್ದು 1839ರಲ್ಲಿ. ಹದಿನೈದು ವರ್ಷಗಳೊಳಗೆ, ಅಂದರೆ 1854ರಲ್ಲಿ, ಮುಂಬಯಿಯಲ್ಲಿ ಛಾಯಾಗ್ರಹಣ ಸಂಘ ಹುಟ್ಟಿತು. ಭಾರತದಲ್ಲಿ ಇಂಥದ್ದು ಅದೇ ಮೊದಲು. ಬೋರಿಬಂದರಿನಿಂದ ಥಾಣೆಗೆ ಬಂದಿದ್ದ ರೈಲು ಕಲ್ಯಾಣ್ ಮುಟ್ಟಿದ್ದೂ ಅದೇ 1854ರಲ್ಲಿ. ನಾವು ದಿನವೂ ನೇತಾಡುವ ಮಾರ್ಗವೂ ನಮ್ಮ ಹವ್ಯಾಸವೂ ಹೀಗೆ ಒಂದೇ ವಯಸ್ಸಿನವು.

ಆ ಕಾಲದ ಉತ್ಸಾಹಿಗಳಲ್ಲಿ ವಿಲಿಯಂ ಜಾನ್ಸನ್ ಎಂಬಾತ ನಮಗೆ ವಿಶೇಷವಾಗಿ ಹತ್ತಿರದವನು. ಆತ ಮುಂಬಯಿಯ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಆಮೇಲೆ ಕ್ಯಾಮೆರಾದ ಹಿಂದೆ ಬಿದ್ದ. ವಿಲಿಯಂ ಹೆಂಡರ್ಸನ್ ಜೊತೆಗೂಡಿ 1856ರಿಂದ 1858ರವರೆಗೆ ಹವ್ಯಾಸಿಗಳಿಗಾಗಿಯೇ ಒಂದು ಚಿತ್ರಸಂಪುಟವನ್ನು ಕಂತು ಕಂತಾಗಿ ಹೊರತಂದ. ಕಡತಗಳ ನಡುವಿನಿಂದ ಎದ್ದು ಹೋಗಿ ಬೆಳಕನ್ನು ಹಿಡಿಯಬಹುದೆಂದು ತೋರಿಸಿದ ಈ ಪೂರ್ವಸೂರಿಯನ್ನು ನಮ್ಮಂಥ ಸರಕಾರಿ ನೌಕರರು ಆಗಾಗ ನೆನೆಯಬೇಕು.

ಸಂಘದಲ್ಲಿ ಭಾರತೀಯರೂ ಇದ್ದರು. ಅವರಲ್ಲಿ ಪ್ರಮುಖರು ವೈದ್ಯರೂ ವಿದ್ವಾಂಸರೂ ಆದ ಡಾ. ಭಾವು ದಾಜಿ ಲಾಡ್. ಅವರ ತಮ್ಮ ನಾರಾಯಣ ದಾಜಿಯೂ ಛಾಯಾಗ್ರಾಹಕರೇ. 1855ರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಛಾಯಾಗ್ರಹಣದ ತರಗತಿಯೇ ಆರಂಭವಾಯಿತು. ಅಲ್ಲಿ ಕಲಿತ ಹರಿಶ್ಚಂದ್ರ ಚಿಂತಾಮಣಿ ನಗರದ ಮೊದಲ ವೃತ್ತಿಪರ ಛಾಯಾಗ್ರಾಹಕರಲ್ಲಿ ಒಬ್ಬರಾದರು. ಭಾವು ದಾಜಿಯವರ ಹೆಸರು ಬೈಕುಲಾದ ವಸ್ತುಸಂಗ್ರಹಾಲಯಕ್ಕಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮಾಟುಂಗದ ಮೈಸೂರು ಅಸೋಸಿಯೇಶನ್ನಿಗೆ ನಾಟಕಕ್ಕೋ ಉಪನ್ಯಾಸಕ್ಕೋ ಹೋಗುವ ನಾವು ನೀವೆಲ್ಲ ನಡೆಯುವುದು ಭಾವು ದಾಜಿ ರಸ್ತೆಯಲ್ಲಿ! ಎಷ್ಟೋ ವರ್ಷ ಆ ಫಲಕದ ಕೆಳಗೆ ನಡೆದೂ ಅದು ಯಾರ ಹೆಸರೆಂದು ನಾವು ಕೇಳಿರಲಿಲ್ಲ. ತಿಳಿದ ಮೇಲೆ ಆ ರಸ್ತೆಯಲ್ಲಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಡೆಯುವಾಗ ಹಿರಿಯರ ಮನೆಯಂಗಳದಲ್ಲಿ ನಡೆದಂತೆ ಅನಿಸುತ್ತದೆ.

ಕನ್ನಡ ನಾಡಿನ ಪಾಲು ಬರುವುದು ಇಲ್ಲಿಯೇ. ಮುಂಬಯಿ ಸರಕಾರ 1855ರಲ್ಲಿ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಆತ ಹೋದದ್ದು ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕಡೆಗೆ. ಸೈನ್ಯ ಆತನನ್ನು ಬೇಗನೆ ಹಿಂದಕ್ಕೆ ಕರೆಸಿಕೊಂಡಿತು. ಕೆಲಸವನ್ನು ವೈದ್ಯ ವಿಲಿಯಂ ಹೆನ್ರಿ ಪಿಗೌ ಮುಂದುವರಿಸಿದ. ಇತ್ತ ಲಿನೇಯಸ್ ಟ್ರೈಪ್ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ 1854ರ ಕೊನೆಯಲ್ಲೇ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದಿದ್ದ. ಬಿಗ್ಸ್, ಪಿಗೌ ಮುಂತಾದವರ ಚಿತ್ರಗಳು 1866ರಲ್ಲಿ ಲಂಡನ್ನಿನಿಂದ ದೊಡ್ಡ ಸಂಪುಟಗಳಾಗಿ ಬಂದವು. ಒಂದು ವಿಜಾಪುರದ ವಾಸ್ತುಶಿಲ್ಪವನ್ನು ಕುರಿತದ್ದು, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಯದು. ಇತಿಹಾಸದ ಬರಹ ಮೆಡೋಸ್ ಟೇಲರ್‌ನದು, ವಾಸ್ತುವಿನ ವಿವರಣೆ ಫರ್ಗುಸನ್‌ನದು. ವೆಚ್ಚಕ್ಕೆ ನೆರವಾದವರು ಮುಂಬಯಿಯ ವರ್ತಕರು. ನಮ್ಮ ಗುಡಿಗಳ ಮೊದಲ ಚಿತ್ರಗಳಲ್ಲಿ ಹಲವು ಹೀಗೆ ಈ ನಗರದ ಆಜ್ಞೆಯಿಂದ, ಈ ನಗರದ ಹಣದಿಂದ ಬೆಳಕು ಕಂಡವು.

ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಆಚೆಗಿನ ಅಂಬರನಾಥದ ಶಿವಾಲಯ ನಮ್ಮ ಭಾನುವಾರದ ಪಾಠಶಾಲೆ. ಅದು ಶಿಲಾಹಾರರ ಕಾಲದ್ದು. ಉತ್ತರ ಕೊಂಕಣವನ್ನು ಆಳಿದ ಈ ಅರಸರು ರಾಷ್ಟ್ರಕೂಟರ ಸಾಮಂತರಾಗಿ ಬೆಳೆದವರು; ಅವರ ಸಂಸ್ಕೃತ ಶಾಸನಗಳ ನಡುವೆ 'ಗಂಡರಗಂಡ', 'ನನ್ನಿಸಮುದ್ರ' ಎಂಬ ಅಚ್ಚಗನ್ನಡ ಬಿರುದುಗಳು ಇಣುಕುತ್ತವೆ. ದೇಗುಲದ ಶಾಸನದ ಕಾಲವನ್ನು ಮೊದಲಿಗೆ ಶಕ 782 ಎಂದು ಓದಿದ್ದರು. ಅದು 982, ಅಂದರೆ ಕ್ರಿ.ಶ. 1060 ಎಂದು ಆಮೇಲೆ ಸ್ಥಿರವಾಯಿತು. ಸವೆದ ಕಲ್ಲಿನ ಒಂದೇ ಅಂಕೆ ಇನ್ನೂರು ವರ್ಷಗಳ ಅಂತರ ತಂದಿತ್ತು. ಓರೆ ಬಿಸಿಲಿನಲ್ಲಿ ಕಲ್ಲಿನ ಚಿತ್ರ ತೆಗೆಯಬೇಕೆಂಬ ಪಾಠ ನಮಗೆ ಮನದಟ್ಟಾದದ್ದು ಈ ಕಥೆಯಿಂದ. ನಡು ಮಧ್ಯಾಹ್ನದ ಬೆಳಕಿನಲ್ಲಿ ಅಕ್ಷರವೂ ಶಿಲ್ಪವೂ ಚಪ್ಪಟೆಯಾಗುತ್ತವೆ. ಬೆಳಗ್ಗೆ ಎಂಟರೊಳಗೆ ಹೋದರೆ ಪ್ರತಿಯೊಂದು ಗೆರೆಯೂ ನೆರಳು ಬಿಟ್ಟು ನಿಲ್ಲುತ್ತದೆ.

ಇನ್ನು ಬೇಟೆಯ ಜಾಗಗಳು. ಮಟನ್ ಸ್ಟ್ರೀಟಿನ ಚೋರ್ ಬಜಾರಿನ ಹೆಸರು ಮೂಲತಃ 'ಶೋರ್', ಅಂದರೆ ಗದ್ದಲದ ಬಜಾರ್ ಎಂಬ ಮಾತಿದೆ. ಅಲ್ಲಿ ಶುಕ್ರವಾರ ಬೆಳಕು ಹರಿಯುವ ಮೊದಲೇ ನೆಲದ ಮೇಲೆ ಸಾಮಾನು ಹರಡಿರುತ್ತದೆ. ಮಾಟುಂಗದ ಕಿಂಗ್ಸ್ ಸರ್ಕಲಿನ ಕಾಲುದಾರಿಯ ಪುಸ್ತಕದವರಲ್ಲಿ ಕನ್ನಡ ಪುಸ್ತಕವೂ ಒಮ್ಮೊಮ್ಮೆ ಸಿಗುತ್ತದೆ. ಡೊಂಬಿವಲಿಯಲ್ಲಿ ಪೈ ಅವರ ಫ್ರೆಂಡ್ಸ್ ಲೈಬ್ರರಿ ನಡೆಸುವ ಪುಸ್ತಕ ಆದಾನ-ಪ್ರದಾನದಲ್ಲಿ ಓದಿದ್ದನ್ನು ಕೊಟ್ಟು ಓದದ್ದನ್ನು ಒಯ್ಯಬಹುದು. ಉಳಿದಂತೆ ಪ್ರತಿ ಬಡಾವಣೆಯ ರದ್ದಿ ಅಂಗಡಿ ಇದ್ದೇ ಇದೆ.

ಎಂ.ಎ. ತರಗತಿಯಲ್ಲಿ ಓದಿದ ಚಾರ್ಲ್ಸ್ ಲ್ಯಾಂಬ್ ಇಂಥ ಕಡೆ ನೆನಪಾಗುತ್ತಾನೆ. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಮೂವತ್ಮೂರು ವರ್ಷ ಲೆಕ್ಕ ಬರೆದ ಆತನೂ ನಮ್ಮ ಜಾತಿಯವನೇ. 'ಓಲ್ಡ್ ಚೈನಾ' ಪ್ರಬಂಧದಲ್ಲಿ, ಬಡತನದ ದಿನಗಳಲ್ಲಿ ಹರಕು ಬಟ್ಟೆ ತೊಟ್ಟು, ವಾರಗಟ್ಟಲೆ ಯೋಚಿಸಿ, ಶನಿವಾರ ರಾತ್ರಿ ಹೋಗಿ ಹಳೆಯ ಪುಸ್ತಕವೊಂದನ್ನು ಕೊಂಡುತಂದ ಪ್ರಸಂಗ ಬರುತ್ತದೆ. ಕೈಯಲ್ಲಿ ಹಣ ಓಡಾಡತೊಡಗಿದ ಮೇಲೆ ಆ ಸುಖವೇ ಕಾಣೆಯಾಯಿತೆಂಬ ಕೊರಗು ಅಲ್ಲಿಯದು. ಏಳನೆಯ ವೇತನ ಆಯೋಗದ ನಂತರದ ನಮಗೂ ಅದರ ಅರ್ಥ ಸ್ವಲ್ಪ ಆಗಿದೆ.

ಆದರೆ ನಮ್ಮ ಹವ್ಯಾಸದ ಲಘುತ್ವವನ್ನು ಕಸಿದ ಘಟನೆ ಒಂದಿದೆ. ಕಲ್ಯಾಣದ ಒಂದು ರದ್ದಿ ಅಂಗಡಿಯಲ್ಲಿ, ತಕ್ಕಡಿಯ ಮೇಲಿದ್ದ ಕಾಗದದ ಕಟ್ಟಿನಿಂದ ರಟ್ಟಿಗೆ ಅಂಟಿಸಿದ ಗುಂಪುಚಿತ್ರವೊಂದು ಜಾರಿ ಬಿತ್ತು. ಮೂರು ಸಾಲು ಹುಡುಗರು; ಮುಂದೆ ನೆಲದ ಮೇಲೆ ಕರಿಹಲಗೆ; ಅದರ ಮೇಲೆ ಸುಣ್ಣದ ಅಕ್ಷರದಲ್ಲಿ 'ರಾತ್ರಿ ಪ್ರೌಢಶಾಲೆ, 1964'. ಶಾಲೆಯ ಹೆಸರಿದ್ದ ಅಂಚನ್ನು ಗೆದ್ದಲು ತಿಂದಿತ್ತು. ಹಗಲು ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಕನ್ನಡ ಮಾಧ್ಯಮದಲ್ಲಿ ಓದಿದ ಕರಾವಳಿಯ ಮಕ್ಕಳ ಕಥೆ ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಇಂದಿನ ಎಷ್ಟೋ ಸಂಘಗಳನ್ನು ಕಟ್ಟಿದವರು ಅವರೇ. ನಾವು ತೂಕದ ಬೆಲೆ ಕೊಟ್ಟು ಚಿತ್ರವನ್ನು ತಂದೆವು.

ಅದನ್ನು ಒಂದು ಕಾರ್ಯಕ್ರಮದ ದಿನ ಹಿರಿಯರೊಬ್ಬರಿಗೆ ತೋರಿಸಿದೆವು. ಅವರೂ ರಾತ್ರಿ ಶಾಲೆಯಲ್ಲಿ ಓದಿದವರು. ಕನ್ನಡಕ ತೆಗೆದು, ಚಿತ್ರವನ್ನು ಕಣ್ಣ ಬಳಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ನಮ್ಮ ಶಾಲೆಯಲ್ಲ ಮಾರಾಯ್ರೆ, ಒಬ್ಬನ ಗುರ್ತವೂ ಸಿಕ್ಕುವುದಿಲ್ಲ" ಎಂದರು. ಬಳಿಕ ಎರಡನೆಯ ಸಾಲಿನ ಹುಡುಗನೊಬ್ಬನ ಕೈಯನ್ನು ತೋರಿಸಿದರು. "ಈ ಬೆರಳು ನೋಡಿ. ಇದು ತಟ್ಟೆ ತೊಳೆದ ಕೈ. ಸೋಡಾಪುಡಿ ತಿಂದ ಬೆರಳು ಹೀಗೇ ಇರುತ್ತದೆ." ನಾವು ಆ ಚಿತ್ರವನ್ನು ಹತ್ತಾರು ಸಲ ನೋಡಿದ್ದೆವು, ಸ್ಕ್ಯಾನ್ ಮಾಡಿ ಹಿಗ್ಗಿಸಿಯೂ ನೋಡಿದ್ದೆವು. ಆ ಬೆರಳುಗಳು ನಮಗೆ ಕಂಡಿರಲಿಲ್ಲ.

ಅಂದಿನಿಂದ ನಮಗೊಂದು ಭಯ ಹತ್ತಿದೆ. ಬಿಗ್ಸ್, ಪಿಗೌ ತೆಗೆದ ಗುಡಿಗಳ ಚಿತ್ರಗಳಿಗೆ ಊರಿನ ಹೆಸರಿದೆ, ಕಾಲವಿದೆ, ಗ್ರಂಥಾಲಯದ ಕಪಾಟಿದೆ. ಈ ಹುಡುಗರಿಗೆ ಏನೂ ಇಲ್ಲ. 2005ರ ಜುಲೈ 26ರ ಪ್ರಳಯದಲ್ಲಿ ಉಲ್ಲಾಸ ನದಿ ಉಕ್ಕಿ ಕಲ್ಯಾಣ್, ಬದಲಾಪುರಗಳ ನೆಲಮಾಳಿಗೆಯ ಮನೆಗಳಿಗೆ ನುಗ್ಗಿದಾಗ ಎಷ್ಟು ಆಲ್ಬಮ್‌ಗಳು ಕೆಸರಾದವೋ! ಉಳಿದವುಗಳನ್ನು ಈಗ ಕಟ್ಟಡಗಳ ಪುನರ್ನಿರ್ಮಾಣ ರದ್ದಿಗೆ ಕಳಿಸುತ್ತಿದೆ. ಹಳೆಯ ಮನೆ ಬಿಡುವಾಗ ಮೊದಲು ಹೊರಬೀಳುವುದು ಕನ್ನಡ ಪುಸ್ತಕ. ಓದಲು ಬಾರದ ಮೊಮ್ಮಕ್ಕಳಿಗೆ ಅದು ಕೇವಲ ಕಾಗದ. ಅದರ ಹಿಂದೆಯೇ ಹೆಸರಿಲ್ಲದ ಮುಖಗಳು. ನಮಗೆ ನಿಧಿ ಸಿಗುತ್ತಿದೆಯೆಂದರೆ ಯಾರದೋ ಮನೆ ಬರಿದಾಗುತ್ತಿದೆ ಎಂದೇ ಅರ್ಥ.

ನಮ್ಮ ಹವ್ಯಾಸ ನಿಂತಿಲ್ಲ. ಚಳಿಗಾಲದಲ್ಲಿ ಐರೋಳಿಯ ಖಾರಿಗೆ ರಾಜಹಂಸಗಳು ಬಂದಾಗ ನಾವೂ ಎಲ್ಲರಂತೆ ಡಿಜಿಟಲ್ ಕ್ಯಾಮೆರಾದಲ್ಲಿ ನೂರಾರು ಚಿತ್ರ ಹೊಡೆಯುತ್ತೇವೆ. ಸಂಜೆ ಹನ್ನೆರಡನ್ನು ಮಾತ್ರ ಉಳಿಸಿ ಮಿಕ್ಕವನ್ನು ಅಳಿಸುತ್ತೇವೆ. ಇದು ಕ್ಲಿಕ್-3 ಕಲಿಸಿದ ಲೆಕ್ಕ. ಜೊತೆಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಪರಿಚಯದ ಹಿರಿಯರ ಮನೆಗೆ ಹೋದಾಗ ಆಲ್ಬಮ್ ಕೇಳಿ ಪಡೆದು, ಎದುರಿಗೆ ಕುಳಿತು, ಪ್ರತಿಯೊಂದು ಚಿತ್ರದ ಹಿಂಬದಿಗೆ ಹೆಸರು, ಊರು, ವರ್ಷ ಬರೆಯುತ್ತೇವೆ. ಮೆತ್ತನೆಯ ಪೆನ್ಸಿಲಿನಲ್ಲಿ, ಹಗುರವಾಗಿ. ಪೆನ್ನಿನ ಶಾಯಿ ವರ್ಷ ಕಳೆದಂತೆ ಮುಂಭಾಗಕ್ಕೆ ಇಳಿಯುತ್ತದೆ. ಓದುಗರೂ ತಮ್ಮ ಮನೆಯಲ್ಲಿ ಇದನ್ನು ಮಾಡಬಹುದು. 1964ರ ಆ ಚಿತ್ರ ನಮ್ಮಲ್ಲೇ ಇದೆ. ಅದರ ಹಿಂಬದಿ ಇನ್ನೂ ಖಾಲಿಯಾಗಿದೆ.