ಕಪ್ ಬದಲು ಹುಟ್ಟುಗೋಲು

ನಮ್ಮೂರ ಕಡೆ ಕಬಡ್ಡಿ ಗೆದ್ದವರಿಗೆ ಕಪ್ ಕೊಡ್ತಾರೆ, ಕೆಲವೆಡೆ ಟಗರು ಕೊಡ್ತಾರೆ. ಅಮೆರಿಕದ ಎರಡು ವಿಶ್ವವಿದ್ಯಾಲಯಗಳು ಮಾತ್ರ ದೋಣಿಯ ಹುಟ್ಟುಗೋಲಿಗಾಗಿ ಆಡುತ್ತಿದ್ದವು.

ಒಂದು, ಟೆಕ್ಸಾಸ್ ರಾಜ್ಯದ ಸ್ಯಾನ್ ಮಾರ್ಕೋಸ್ ಊರಿನದು. ಈಗ ಅದರ ಹೆಸರು ಟೆಕ್ಸಾಸ್ ಸ್ಟೇಟ್. 2003ರವರೆಗೆ ಸೌತ್‌ವೆಸ್ಟ್ ಟೆಕ್ಸಾಸ್ ಸ್ಟೇಟ್ ಎಂದಿತ್ತು. ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಓದಿದ್ದು ಅಲ್ಲೇ. ಇನ್ನೊಂದು, ಲೂಯಿಸಿಯಾನ ರಾಜ್ಯದ ಟಿಬೊಡೊ ಊರಿನ ನಿಕೋಲ್ಸ್ ಸ್ಟೇಟ್. 1948ರಲ್ಲಿ ಶುರುವಾದದ್ದು. ಸುತ್ತ ಕಬ್ಬಿನ ಗದ್ದೆ, ಪಕ್ಕದಲ್ಲೇ ನಿಧಾನವಾಗಿ ಹರಿಯುವ ಹೊಳೆ. ಎರಡೂ ದೊಡ್ಡ ಹೆಸರಿನವಲ್ಲ, ಆಯಾ ಸೀಮೆಯ ಮಕ್ಕಳು ಓದುವ ಜಾಗಗಳು.

ಆಟ ಅಮೆರಿಕನ್ ಫುಟ್‌ಬಾಲ್. ತಂಡಕ್ಕೆ 11 ಜನ. ಹೆಸರು ಫುಟ್‌ಬಾಲ್ ಆದರೂ ಚೆಂಡು ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ಹಿಡಿದು ಓಡುವವನನ್ನು ಎದುರಾಳಿಗಳು ಕೆಡವುತ್ತಾರೆ. ಕಬಡ್ಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

1998ರ ಅಕ್ಟೋಬರ್‌ನಲ್ಲಿ ಮಧ್ಯ ಟೆಕ್ಸಾಸ್‌ನಲ್ಲಿ ಭಾರಿ ಮಳೆ ಸುರಿಯಿತು. ಪ್ರವಾಹಕ್ಕೆ 31 ಮಂದಿ ಬಲಿಯಾದರು. ಸ್ಯಾನ್ ಮಾರ್ಕೋಸ್ ಕೂಡ ಮುಳುಗಿತು. ಅದೇ ಹೊತ್ತಿಗೆ ಅಲ್ಲಿ ಈ ಎರಡು ತಂಡಗಳ ಪಂದ್ಯ. ಮೈದಾನ ದಾಟಲು ದೋಣಿ ಬೇಕಾದೀತು ಎಂದು ಜನ ತಮಾಷೆ ಮಾಡಿದರು. ಆ ತಮಾಷೆಯೇ ಪಂದ್ಯದ ಹೆಸರಾಯಿತು, ಹುಟ್ಟುಗೋಲು ಟ್ರೋಫಿಯಾಯಿತು. ನೀರು ತಂದ ನೋವನ್ನು ಎರಡೂ ಊರು ಬಲ್ಲವು. ಕತ್ರಿನಾ ಚಂಡಮಾರುತ ಲೂಯಿಸಿಯಾನಕ್ಕೆ ಬಡಿದ 2005ರಲ್ಲೇ ಇಬ್ಬರೂ ಸೌತ್‌ಲ್ಯಾಂಡ್ ಒಕ್ಕೂಟದ ಜಂಟಿ ಚಾಂಪಿಯನ್ನರಾದರು.

ಮತ್ತೆ ಈ ಪೈಪೋಟಿ ನಿಂತದ್ದು ಹೇಗೆ? ಯಾರೂ ಜಗಳವಾಡಲಿಲ್ಲ. ಅಲ್ಲಿ ಕಾಲೇಜು ಫುಟ್‌ಬಾಲ್‌ಗೆ ಮೇಲಿನ ದರ್ಜೆ, ಕೆಳಗಿನ ದರ್ಜೆ ಎಂದಿದೆ. ಆಗಿನ ನಿಯಮದಂತೆ ಮೇಲಿನ ದರ್ಜೆಯ ತಂಡ 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಿತ್ತು, ಕೆಳಗಿನದು 63ಕ್ಕೆ ಸಮನಾದಷ್ಟು ಮಾತ್ರ. ಟಿವಿ ಹಣ, ಹೆಸರು, ದೊಡ್ಡ ಕ್ರೀಡಾಂಗಣ ಎಲ್ಲ ಮೇಲೆ. ಟೆಕ್ಸಾಸ್ ಸ್ಟೇಟ್ 2012ರಲ್ಲಿ ಮೇಲಕ್ಕೆ ಹತ್ತಿತು. ನಿಕೋಲ್ಸ್ ಇದ್ದಲ್ಲೇ ಉಳಿಯಿತು. ಒಕ್ಕೂಟ ಬೇರೆಯಾದ ಮೇಲೆ ವರ್ಷವರ್ಷದ ಭೇಟಿ ತಪ್ಪಿತು.

ಮೇಲೆ ಹೋದವರನ್ನು ನಾವು ದೂರುವುದಿಲ್ಲ. ಬೆಳೆಯಬೇಕೆಂಬ ಆಸೆ ತಪ್ಪಲ್ಲ. ಆದರೆ ಹಾಗೆ ಹೋದಾಗ ಏನು ಹಿಂದೆ ಉಳಿಯಿತು ಎಂದು ಬರೆದಿಡುವವರು ಕಡಿಮೆ. ಹೊಸ ಎದುರಾಳಿಗಳು ಸಿಗಬಹುದು. ಆದರೆ ಆ ಮಳೆಯನ್ನು ಜೊತೆಗೆ ಕಂಡ ಎದುರಾಳಿ ಒಬ್ಬನೇ.

ನಿಮ್ಮೂರಿನ ತಂಡಕ್ಕೂ ಅಂಥ ಒಂದು ಎದುರೂರು ಇದ್ದೀತು. ಈ ಸಲ ಜಾತ್ರೆಗೆ ಅವರನ್ನೂ ಪಂದ್ಯಕ್ಕೆ ಕರೆಯಿರಿ. ಸೋತರೂ ಪರವಾಗಿಲ್ಲ.