ಕುಸ್ವಾರಿನ ತಟ್ಟೆ

ನಮ್ಮ ಕಡೆಯ ಹಳೆಯ ಮನೆಗಳ ಮಕ್ಕಳಿಗೆ ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದು ತಿಳಿಯುತ್ತಿದ್ದುದು ಬಾಯಮ್ಮ ತರುತ್ತಿದ್ದ ತಟ್ಟೆಯಿಂದ. ಕ್ರೈಸ್ತ ಗೃಹಿಣಿಯರನ್ನು ನಾವು ಬಾಯಮ್ಮ ಎಂದೇ ಕರೆಯುವುದು. ಬಿಳಿ ಬಟ್ಟೆ ಮುಚ್ಚಿದ ತಟ್ಟೆಯನ್ನು ಅವರು ಜಗಲಿಯ ಅಂಚಿನಲ್ಲಿಟ್ಟು, "ಅಮ್ಮಾ, ಹಬ್ಬದ್ದು" ಎಂದು ಕೂಗಿ, ಅಂಗಳದಲ್ಲೇ ನಿಲ್ಲುತ್ತಿದ್ದರು. ಬೇರೆ ಮನೆಗಳಿಗೆ ಹೋದ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ ಇರುತ್ತಿದ್ದವು. ನಮ್ಮ ತಟ್ಟೆಯಲ್ಲಿ ಮಾತ್ರ ಕದಳಿ ಬಾಳೆಹಣ್ಣು, ಅವಲಕ್ಕಿ, ಸಕ್ಕರೆ. ಯಾಕೆಂದು ನಾನು ಕೇಳಿದಾಗ ಅಜ್ಜಿ "ನಮಗೆ ಅದೇ ಆಗುವುದು" ಎಂದಷ್ಟೇ ಹೇಳಿದ್ದರು. ಬೇಯಿಸಿದ್ದು ನಮ್ಮ ಮಡಿಗೆ ಸಲ್ಲದು, ಹಸಿಯದಕ್ಕೆ ದೋಷವಿಲ್ಲ ಎಂಬ ಲೆಕ್ಕ ತಿಳಿಯುವಷ್ಟು ದೊಡ್ಡವನಾಗಲು ನನಗೆ ಇನ್ನೂ ಕೆಲವು ವರ್ಷ ಬೇಕಾಯಿತು.

ಕೊಂಕಣಿ ಕ್ರೈಸ್ತರು ಈ ಹಬ್ಬವನ್ನು ನತಾಲಾಂ ಎನ್ನುತ್ತಾರೆ, ಅದರ ತಿಂಡಿಗಳ ಸಮೂಹವನ್ನು ಕುಸ್ವಾರ್ ಎನ್ನುತ್ತಾರೆ. ಎರಡೂ ಪೋರ್ಚುಗೀಸರ ಭಾಷೆಯಿಂದ ಬಂದ ಮಾತುಗಳು. ಕುಸ್ವಾರಿನ ಮೂಲ ಕೊನ್ಸೊಆದ. ಅದರ ಬೇರು ಸಾಂತ್ವನ ಎಂಬ ಅರ್ಥದ ಲ್ಯಾಟಿನ್ ಪದದಲ್ಲಿದೆ ಎಂದು ಹೇಳುತ್ತಾರೆ. ಹೆಸರು ಪಶ್ಚಿಮದ್ದಾದರೂ ತಿಂಡಿ ನಮ್ಮದೇ. ಕೊಂಕಣಿ ಹಿಂದೂಗಳು ಚೌತಿಗೆ ಮಾಡುವ ನೆವ್ರಿಯೇ ಕ್ರೈಸ್ತರ ನತಾಲಾಂಗೂ ಆಗುತ್ತದೆ. ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಗೋವೆಯಲ್ಲಿ 1560ರಲ್ಲಿ ಇಂಕ್ವಿಸಿಷನ್ ಎಂಬ ಮತವಿಚಾರಣೆಯ ನ್ಯಾಯಾಲಯ ಆರಂಭವಾಯಿತು. 1736ರ ಅದರ ಆಜ್ಞೆಯೊಂದು ಮತಾಂತರಗೊಂಡವರು ಉಳಿಸಿಕೊಂಡಿದ್ದ ಹಳೆಯ ಆಚಾರಗಳನ್ನು ಒಂದೊಂದಾಗಿ ನಿಷೇಧಿಸಿತು. ಅಂಗಳದ ತುಳಸಿಯನ್ನೂ ಬಿಡಲಿಲ್ಲ, ಉಪ್ಪು ಹಾಕದೆ ಅನ್ನ ಬೇಯಿಸುವುದನ್ನೂ ಬಿಡಲಿಲ್ಲ. ಆ ಭಯ, ಯುದ್ಧ, ಬರ, ತೆರಿಗೆ ಎಲ್ಲ ಸೇರಿ 16ರಿಂದ 18ನೆಯ ಶತಮಾನದವರೆಗೆ ಅಲೆ ಅಲೆಯಾಗಿ ಜನ ದಕ್ಷಿಣಕ್ಕೆ ಬಂದರು. ಪೂಜೆ ಬದಲಾಗಿತ್ತು, ಹೆಸರು ಬದಲಾಗಿತ್ತು; ನೆವ್ರಿ ಮಡಚುವ ಬೆರಳುಗಳು ಬದಲಾಗಿರಲಿಲ್ಲ. ಹಬ್ಬದ ದಿನ ನೆರೆಮನೆಗೆ ತಟ್ಟೆ ಕಳುಹಿಸುವ ರೂಢಿಯೂ ಹಾಗೆಯೇ ಉಳಿಯಿತು.

ಕ್ರಿಸ್‌ಮಸ್ ಉಡುಗೊರೆಯ ಮೂಲವನ್ನು ಸಾಮಾನ್ಯವಾಗಿ ಮತ್ತಾಯನ ಸುವಾರ್ತೆಯಲ್ಲಿ ಹುಡುಕುತ್ತಾರೆ. ನಕ್ಷತ್ರ ನೋಡಿ ಬಂದವರನ್ನು ಹಳೆಯ ಕನ್ನಡ ಬೈಬಲು ಜೋಯಿಸರು ಎಂದು ಕರೆದಿದೆ. ಮಲಯಾಳದ್ದು ವಿದ್ವಾನ್ಮಾರ್ ಎಂದಿದೆ. ಪಂಚಾಂಗದ ಜೋಯಿಸರನ್ನು ಬಲ್ಲ ನಮಗೆ ಕನ್ನಡದ ಮಾತೇ ಹೆಚ್ಚು ಹತ್ತಿರ! ಅವರು ಮೂವರೆಂದು ಮತ್ತಾಯ ಎಲ್ಲಿಯೂ ಹೇಳಿಲ್ಲ. ಕಾಣಿಕೆ ಮೂರು ಇದ್ದುದರಿಂದ ತಂದವರೂ ಮೂವರಾದರು. ಚಿನ್ನ ಮತ್ತು ಧೂಪ ಸರಿಯೇ; ಆದರೆ ಮೂರನೆಯದು ರಕ್ತಬೋಳ, ಶವಕ್ಕೆ ಲೇಪಿಸುತ್ತಿದ್ದ ಕಹಿ ಅಂಟು. ತೊಟ್ಟಿಲಿನ ಕೂಸಿಗೆ ಇಂಥದ್ದನ್ನು ತಂದವರ ಮುಂದೆ ತಾಯಿ ಏನು ಹೇಳಿದಳೋ, ಸುವಾರ್ತೆ ಮೌನವಾಗಿದೆ. ಬಡಗಿಯ ಮನೆಯಿಂದ ಅವರಿಗೆ ಪ್ರತಿಯಾಗಿ ಏನು ಸಿಕ್ಕಿತೆಂಬುದೂ ಅಲ್ಲಿಲ್ಲ. ಅವರು ಬೇರೆ ದಾರಿಯಿಂದ ಊರಿಗೆ ಮರಳಿದರು, ಅಷ್ಟೇ.

ನನಗೆ ಇದಕ್ಕಿಂತ ಹಿಡಿಸುವುದು ಸಂತ ನಿಕೊಲಾಸನ ಕಥೆ. ಈಗಿನ ತುರ್ಕಿಯಲ್ಲಿರುವ ಮೈರಾ ಎಂಬಲ್ಲಿ 4ನೆಯ ಶತಮಾನದಲ್ಲಿದ್ದ ಬಿಷಪ್ ಈತ. ವರದಕ್ಷಿಣೆಗೆ ಗತಿಯಿಲ್ಲದ ಮೂವರು ಹೆಣ್ಣುಮಕ್ಕಳ ತಂದೆಯ ಮನೆಗೆ ರಾತ್ರಿ ಕಿಟಿಕಿಯಿಂದ ಚಿನ್ನದ ಚೀಲ ಎಸೆದನೆಂದು ಐತಿಹ್ಯ. ಹಗಲಲ್ಲಿ ಕೊಟ್ಟಿದ್ದರೆ ಆ ತಂದೆ ತಲೆತಗ್ಗಿಸಿ ಕೈಚಾಚಬೇಕಾಗುತ್ತಿತ್ತು. ಡಿಸೆಂಬರ್ 6 ಅವನ ಹಬ್ಬ. ಯುರೋಪಿನಲ್ಲಿ ಮಕ್ಕಳ ಉಡುಗೊರೆಯ ದಿನವೂ ಅದೇ ಆಗಿತ್ತು. ಲೂಥರನ ಸುಧಾರಣೆಯ ಬಳಿಕ ಜರ್ಮನಿಯ ಪ್ರೊಟೆಸ್ಟೆಂಟರು ಸಂತನನ್ನು ಬಿಟ್ಟು ಬಾಲಯೇಸುವಿನ ಹೆಸರಲ್ಲಿ ಕ್ರಿಸ್‌ಮಸ್ಸಿಗೇ ಉಡುಗೊರೆ ಕೊಡತೊಡಗಿದರು. ಡಚ್ಚರ ಸಿಂಟರ್‌ಕ್ಲಾಸ್ 19ನೆಯ ಶತಮಾನದ ಅಮೆರಿಕದಲ್ಲಿ ಸಾಂಟಾಕ್ಲಾಸನಾದ. ಅಂಗಡಿಯವರ ಕೈಗೆ ಸಿಕ್ಕ ಮೇಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ.

ಅದೇ ಪ್ರೊಟೆಸ್ಟೆಂಟ್ ಪರಂಪರೆಯ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮತಪ್ರಚಾರದ ಬಗ್ಗೆ ನಮ್ಮ ಹಿರಿಯರಿಗೆ ಗುಮಾನಿಯಿತ್ತು, ಕಾರಣವಿಲ್ಲದೆಯೂ ಅಲ್ಲ. ಆದರೆ ಗುಂಡರ್ಟರ ಮಲಯಾಳ ನಿಘಂಟು (1872), ಕಿಟ್ಟೆಲರ ಕನ್ನಡ ನಿಘಂಟು (1894) ಎರಡೂ ಹೊರಬಂದದ್ದು ಮಂಗಳೂರಿನ ಅವರ ಮುದ್ರಣಾಲಯದಿಂದಲೇ. ಈ ಎರಡು ಭಾಷೆಗಳ ವಾರ್ಷಿಕವನ್ನು ಕೈಯಲ್ಲಿ ಹಿಡಿದವರು ಇದನ್ನು ನೆನೆಯಬೇಕು. ಸಮ್ಮಾನ ಎಂದರೆ ಕನ್ನಡದಲ್ಲಿ ಗೌರವ. ಮಲಯಾಳದಲ್ಲಿ ಅದೇ ಪದಕ್ಕೆ ಉಡುಗೊರೆ ಎಂದರ್ಥ. ಗಡಿಯಲ್ಲಿ ಬದುಕುವವರಿಗೆ ಎರಡೂ ಅರ್ಥ ಒಟ್ಟಿಗೇ ಕೇಳಿಸುತ್ತದೆ.

ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ಎಲ್ಲ ಮನೆಗಳ ನಿಯಮ. ಅಜ್ಜಿ ಒಂದಿಷ್ಟು ಬೆಲ್ಲ, ಒಂದು ತೆಂಗಿನಕಾಯಿ, ಕೆಲವೊಮ್ಮೆ ಅಡಿಕೆ ಹಾಕಿ ಕೊಡುತ್ತಿದ್ದರು. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು ಬರೆದ 'ಗೊಲ್ಗೊಥಾ' ನೆನಪಾದಾಗಲೆಲ್ಲ, ಅದು ಈ ನಾಡು ನೆರೆಮನೆಗೆ ತುಂಬಿ ಕಳುಹಿಸಿದ ತಟ್ಟೆಯೆಂದು ನನಗೆ ಅನಿಸುತ್ತದೆ. ಜೋಯಿಸರು ತಂದ ರಕ್ತಬೋಳದ ಅರ್ಥ ತೆರೆದುಕೊಳ್ಳುವುದು ಅಲ್ಲಿಯೇ ಅಲ್ಲವೇ?

ಆದರೆ ಅಜ್ಜಿಯ ಬೆಲ್ಲದಿಂದ ನಮ್ಮ ಲೆಕ್ಕ ಚುಕ್ತಾ ಆಗಿತ್ತೆ? ಆಗಿರಲಿಲ್ಲ. ತನ್ನ ಕೈಯ ತಿಂಡಿ ನಮಗೆ ಆಗದೆಂದು ಬಾಯಮ್ಮನಿಗೆ ಗೊತ್ತಿತ್ತು. ಸಿಟ್ಟಾಗಿ ಬಿಟ್ಟುಬಿಡಬಹುದಿತ್ತು. ಬಿಡದೆ, ನಮಗೆ ಆಗುವಂಥದನ್ನು ಹುಡುಕಿ, ನಮ್ಮ ಮಡಿಗೆ ಭಂಗ ಬಾರದಂತೆ ತಂದು ಅಂಗಳದಲ್ಲಿ ನಿಂತರು. ಕೊಡುವವರು ಹೀಗೆ ತಮ್ಮ ಅವಮಾನವನ್ನು ನುಂಗಿ ಕೊಡುವುದನ್ನು ನಾವು ವರ್ಷ ವರ್ಷ ಸ್ವೀಕರಿಸಿದೆವು; ಒಳಗೆ ಬನ್ನಿ ಎಂದು ಒಮ್ಮೆಯೂ ಕರೆಯಲಿಲ್ಲ. ನಿಕೊಲಾಸನ ಕಿಟಿಕಿ ನೆನಪಾದರೆ ಬಾಯಮ್ಮನೂ ನೆನಪಾಗುತ್ತಾರೆ.

1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಬೇಳದ ಇಗರ್ಜಿ ಮಾತ್ರ ಇಂದಿಗೂ ಮಂಗಳೂರು ಧರ್ಮಪ್ರಾಂತದಲ್ಲಿದೆ. ಪೂರ್ವದ ಗುಡ್ಡಗಳಲ್ಲಿ 1943ರಲ್ಲಿ ರಾಜಪುರದಂಥ ವಸಾಹತುಗಳನ್ನು ಕಟ್ಟಿದ ತಿರುವಾಂಕೂರಿನ ಕ್ರೈಸ್ತರ ಹಬ್ಬದ ಬಗೆಯೇ ಬೇರೆ, ಕೇಕಿನದು. ಈಗ ನಮ್ಮ ಮನೆಯಲ್ಲಿ ಮಡಿ ಇಲ್ಲ. ಬಾಯಮ್ಮನೂ ಇಲ್ಲ, ಅವರ ಮೊಮ್ಮಗಳು ಒಳಗೆ ಬಂದು ಕುಳಿತು ಕಾಫಿ ಕುಡಿದು ಹೋಗುತ್ತಾಳೆ. ಕಳೆದ ವರ್ಷ ಅವಳು ತಂದದ್ದು ಪ್ಲಾಸ್ಟಿಕ್ ಡಬ್ಬಿ, ಒಳಗೆ ನೆವ್ರಿ. "ಡಬ್ಬಿ ವಾಪಸು ಬೇಡ ಮಾವ, ಬಿಸಾಡಿ" ಎಂದಳು. ಬಿಸಾಡಲಿಲ್ಲ, ತೊಳೆದು ಒಣಗಿಸಿ ಜಗಲಿಯಲ್ಲಿಟ್ಟೆ. ತೋಟದ ಕದಳಿಗೊನೆ ಹಣ್ಣಾಗಲು ಇನ್ನೂ ನಾಲ್ಕು ದಿನ ಬೇಕಾಗಿತ್ತು.